ರೇಡಿಯೋಕ್ಕೆ ಕಟ್ಟಿದ ತಾಯಿತ

ಮೊನ್ನೆ ಬಂಕಾಪುರಕ್ಕೆ ಮೊಮ್ಮಗಳ ಮನೆಗೆ ಹೋಗಿದ್ದಾಗ ಓಣಿಯ ತುದಿಯಲ್ಲಿ ಒಬ್ಬ ಕಲಾಯಿಯವನು ಕೂತಿದ್ದ. ಈಗಲೂ ಈ ಕಸುಬು ಉಳಿದಿದೆಯೇ ಎಂದು ನೋಡುತ್ತ ನಿಂತೆ. ಅವನು ತಿದಿ ಒತ್ತಿ ಹಿತ್ತಾಳೆ ಬೋಗುಣಿ ಕಾಯಿಸಿ, ಒಳಗೆ ತವರ ಹತ್ತಿಸುವ ನವಸಾಗರದ ಉಪ್ಪು ಒಂದು ಚಿಟಿಕೆ ಎಸೆದ. ಬೆಳ್ಳನೆಯ ಹೊಗೆ ಭುಗ್ಗೆಂದು ಎದ್ದು ಮೂಗಿಗೆ ಹತ್ತಿತು. ಮೊಮ್ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು "ನಡೀ ಅಜ್ಜಿ, ಕೆಮ್ಮು ಬರತೈತಿ" ಎಂದು ಕೈ ಎಳೆದಳು. ನಾನು ಕದಲಲಿಲ್ಲ. ಆ ಹೊಗೆಯ ಹಿಂದೆ ನನಗೆ ಶಿಗ್ಗಾವಿಯ ನಮ್ಮ ಹಳೆಯ ಮನೆಯ ಕಟ್ಟೆ ಕಂಡಿತು, ಅದರ ಮೇಲೆ ಹಸಿರು ಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ ಕಂಡಿತು.

ಮಹಾಯುದ್ಧ ಮುಗಿದ ಮರುವರ್ಷದ ಮಳೆಗಾಲ ಅದು. ನಾನು ಮಾಸೂರಿನಿಂದ ಶಿಗ್ಗಾವಿಗೆ ಸೊಸೆಯಾಗಿ ಬಂದು ಎರಡನೆಯ ವರ್ಷ. ಮನೆಯಲ್ಲಿ ಮೂವರೇ: ಅತ್ತೆ, ನಮ್ಮವರು, ನಾನು. ನಮ್ಮವರ ಹೆಸರು ನನ್ನ ಬಾಯಲ್ಲಿ ಈಗಲೂ ಬರುವುದಿಲ್ಲ, ಮುಂದೆ ಅತ್ತೆ ಕರೆಯುವಾಗ ನೀವೇ ಕೇಳುತ್ತೀರಿ. ಅವರದು ಗ್ಯಾಸಬತ್ತಿ ಬಾಡಿಗೆಗೆ ಕೊಡುವ ಅಂಗಡಿ. ಮದುವೆಯ ಹಂಗಾಮಿನಲ್ಲಿ ಉಸಿರಾಡಲು ಬಿಡುವಿಲ್ಲ. ಮಳೆ ಹಿಡಿಯಿತೆಂದರೆ ಬತ್ತಿಗಳೆಲ್ಲ ಗೋಣಿಚೀಲ ಹೊದ್ದು ಮೂಲೆ ಸೇರುತ್ತಿದ್ದವು. ಆಗ ಅವರ ಕೈಗೆ ಏನಾದರೂ ಬಿಚ್ಚಿ ಜೋಡಿಸುವ ಕೆಲಸ ಬೇಕೇ ಬೇಕು. ಒಮ್ಮೆ ಅತ್ತೆಯ ಅಡಕೊತ್ತನ್ನೂ ಬಿಚ್ಚಿಟ್ಟಿದ್ದರು.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಸಂಶಯ ಜಾಸ್ತಿ. ಹಾಲಿನವಳ ಗಡಿಗೆಯಲ್ಲಿ ಬೆರಳು ಅದ್ದಿ ನೋಡದೆ ಹಾಲು ಹಾಕಿಸಿಕೊಂಡವಳಲ್ಲ. ಯಾರಾದರೂ ನನ್ನನ್ನು ಹೊಗಳಿದರೆ ಇವರಿಗೆ ನನ್ನಿಂದ ಏನು ಬೇಕು ಎಂದೇ ಮೊದಲು ಯೋಚಿಸುತ್ತೇನೆ. ಅಂಥವಳಿಗೆ ಮದುವೆಯಾದ ಮೊದಲ ವರ್ಷವೇ ಅತ್ತೆ ಒಂದು ತಾಯಿತ ಕಟ್ಟಿದ್ದರು.

ಅದು ಆದದ್ದು ಹೀಗೆ. ಶಿಗ್ಗಾವಿಗೆ ಬಂದ ಹೊಸತರಲ್ಲಿ ನನಗೆ ಊರು ಹಿಡಿಸಲೇ ಇಲ್ಲ. ಮಾಸೂರಿನ ಕೆರೆ, ಗದ್ದೆಯ ಏರಿ, ನನ್ನ ಅವ್ವ, ಇವೇ ಕಣ್ಣ ಮುಂದೆ. ಅತ್ತು ಅತ್ತು ಜ್ವರ ಬಂತು. ಹಾಸಿಗೆ ಹಿಡಿದೆ, ಉಂಡದ್ದು ನಿಲ್ಲಲಿಲ್ಲ. ಆಗ ಅತ್ತೆ ಒಂದು ದಿನ, "ರಟ್ಟೀಹಳ್ಳಿ ಕದಂಬೇಶ್ವರಗ ಹರಕಿ ಐತಿ, ಹೋಗಿ ಬರ್ತೇನಿ" ಎಂದು ಯುದ್ಧಕಾಲದ, ಇದ್ದಿಲ ಹೊಗೆಯಿಂದ ಓಡುವ ಬಸ್ಸು ಹತ್ತಿ ಹೋದರು. ಬರುವಾಗ ಸೀರೆಯ ಅಂಚಿಗೆ ಮೊಣಕಾಲ ತನಕ ಕೆಸರು. ದೇವರ ಗುಡಿಯಲ್ಲಿ ಅಷ್ಟು ಕೆಸರು ಎಲ್ಲಿಂದ ಬಂತು? ರಟ್ಟೀಹಳ್ಳಿಯಿಂದ ಮುಂದೆ ಮಾಸೂರಿಗೆ ಹೋಗಿ ನನ್ನ ಅಪ್ಪನ ಮುಂದೆ ಚಾಡಿ ಹೇಳಿ ಬಂದಿದ್ದಾರೆ ಎಂದು ನಾನು ಅಂದುಕೊಂಡೆ. ಮರುದಿನ ಬೆಳಿಗ್ಗೆ ನನ್ನ ಎಡತೋಳಿಗೆ ಕರಿ ದಾರದಲ್ಲಿ ಒಂದು ತಾಮ್ರದ ತಾಯಿತ ಕಟ್ಟಿದರು. ಬಾಯಿಗೆ ಅರಗು ಹಾಕಿ ಮುಚ್ಚಿದ್ದರು.

"ಏನೈತ್ರಿ ಇದರಾಗ?" ಎಂದೆ.

"ನಿನಗ್ಯಾಕ? ಬಿಚ್ಚಬ್ಯಾಡ, ಅಷ್ಟ" ಎಂದರು.

ಅದಾಗಿ ಕೆಲವು ದಿನಕ್ಕೆ ನನ್ನ ಜ್ವರ ಬಿಟ್ಟಿತು, ಅಳು ನಿಂತಿತು. ಬೇರೆಯವರಾಗಿದ್ದರೆ ಕೈ ಮುಗಿಯುತ್ತಿದ್ದರು. ನನಗೆ ಮಾತ್ರ ಅದೇ ದೊಡ್ಡ ಪುರಾವೆಯಾಯಿತು. ತವರಿನ ನೆನಪೇ ಬಾರದಂತೆ ನನ್ನ ಮನಸ್ಸನ್ನು ಕಟ್ಟಿಹಾಕಿದ್ದಾರೆ, ಇನ್ನು ಈ ಮನೆಯಲ್ಲಿ ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಗೊಂಬೆ ನಾನು ಎಂದು ಒಳಗೊಳಗೇ ಕುದಿದೆ. ಬಿಚ್ಚಿ ಎಸೆಯಲು ಮಾತ್ರ ಧೈರ್ಯವಾಗಲಿಲ್ಲ.

ಇನ್ನು ಪೆಟ್ಟಿಗೆಯ ಕತೆಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಬೇಡವಾದ ಸಾಮಾನುಗಳನ್ನು ರಾಶಿ ರಾಶಿ ಹರಾಜು ಹಾಕಿದ್ದರು. ಬೂಟು, ಕಂಬಳಿ, ನೀರಿನ ಡಬ್ಬಿಗಳ ಜೊತೆಗೆ ರೇಡಿಯೋಗಳೂ. ಬಂಕಾಪುರದ ಒಬ್ಬ ವ್ಯಾಪಾರಿ ಅಂಥದೊಂದನ್ನು ತಂದಿದ್ದ. ನಮ್ಮವರು ಅದನ್ನು ಮೆಣಸಿನಕಾಯಿ ಚೀಲದ ಸಂದಿಯಲ್ಲಿಟ್ಟು ಚಕ್ಕಡಿಯಲ್ಲಿ ತಂದು ಇಳಿಸಿದರು. ಕಬ್ಬಿಣದ ಪೆಟ್ಟಿಗೆ, ಮುಂದೆ ತಿರುಗಣಿಗಳು, ಕಿವಿಗೆ ಹಾಕಿಕೊಳ್ಳುವ ಕರಿ ಬಟ್ಟಲುಗಳು. ಜೊತೆಗೆ ಲಾರಿಗೆ ಹಾಕುವಂಥ ಒಂದು ಬ್ಯಾಟರಿ, ಇಟ್ಟಿಗೆಯಂಥ ಇನ್ನೊಂದು.

ಅತ್ತೆ ದೂರದಿಂದಲೇ ನೋಡಿ, "ಶಿವಪ್ಪಾ, ಇದು ಸಿಡಿಯೂದಲ್ಲಲಾ?" ಎಂದರು.

"ಇಲ್ಲವ್ವಾ, ಹಾಡತೈತಿ. ಮುಂಬೈದಾಗ ಹಾಡಿದ್ದು ಇಲ್ಲಿ ಕೇಳಸ್ತೈತಿ."

"ಹಂಗಾರ ಹಾಡಸು ನೋಡೂಣು."

ಹಾಡಿಸಲು ಬರುವಂತಿರಲಿಲ್ಲ. ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಕುಳಿ, ಕುಳಿಯಲ್ಲಿ ಐದು ಹಿತ್ತಾಳೆ ಮುಳ್ಳು. ಬ್ಯಾಟರಿಯ ತಂತಿಗಳು ಒಂದು ಅಚ್ಚುಕಟ್ಟಾದ ಗುಬಟಿಯಲ್ಲಿ, ಈಗ ಪ್ಲಗ್ಗು ಎನ್ನುತ್ತಾರಲ್ಲ ಅದರಲ್ಲಿ, ಬಂದು ಆ ಐದೂ ಮುಳ್ಳುಗಳನ್ನು ಒಂದೇ ಸಲ ಕಚ್ಚಿ ಹಿಡಿಯಬೇಕು. ಆ ಗುಬಟಿಯೇ ಇರಲಿಲ್ಲ. ಕೇಳಿದರೆ ವ್ಯಾಪಾರಿ, "ಪೆಟಿಗಿ ಒಬ್ಬಂಗ ಹೋತು, ಬಾಲ ಇನ್ನೊಬ್ಬಂಗ ಹೋತು, ಹರಾಜಂದ್ರ ಹಂಗರಿ" ಎಂದು ನಕ್ಕನಂತೆ. ಯಾವ ಮುಳ್ಳಿಗೆ ಯಾವ ತಂತಿ ಎಂಬ ಚಿತ್ರ ಮುಚ್ಚಳದ ಒಳಗೆ ಅಂಟಿಸಿತ್ತು, ಅದನ್ನು ಓದುವಷ್ಟು ಇಂಗ್ಲಿಷು ನಮ್ಮವರಿಗೆ ಬರುತ್ತಿತ್ತು. ತಂತಿಯನ್ನು ಮುಳ್ಳಿಗೆ ಹಿಡಿಸುವುದೇ ಕಷ್ಟ. ಸುಮ್ಮನೆ ಸುತ್ತಿದರೆ ಸಡಿಲವಾಗಿ ಪಕ್ಕದ ಮುಳ್ಳಿಗೆ ತಾಗುತ್ತಿತ್ತು. ಇಟ್ಟಿಗೆ ಬ್ಯಾಟರಿಯ ಜೋರು ತಪ್ಪು ಮುಳ್ಳಿಗೆ ಹೋಯಿತೆಂದರೆ ಒಳಗಿನ ಗಾಜಿನ ಬುರುಡೆಗಳೆಲ್ಲ ಒಂದೇ ಏಟಿಗೆ ಸುಟ್ಟುಹೋಗುತ್ತವೆ, ಆಮೇಲೆ ಪೆಟ್ಟಿಗೆ ಜೋಳ ತುಂಬಿಡಲಿಕ್ಕಷ್ಟೇ.

ನನ್ನ ತುರುಬಿನ ಸೂಜಿ ಹೋಯಿತು, ಛತ್ರಿಯ ಕಡ್ಡಿ ಹೋಯಿತು, ಯಾವುದೂ ಕೂಡಿಬರಲಿಲ್ಲ. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಸುತ್ತಿದ್ದೆ. ಅವರು ಊಟ ಬಿಟ್ಟು ನನ್ನ ತೋಳನ್ನೇ ನೋಡತೊಡಗಿದರು. ಹಾಗೆ ನೋಡುವ ಗಂಡಸೇ ಅಲ್ಲ ಅವರು. ನಾಚಿಕೆಯಾಗಿ ಸೆರಗು ಎಳೆದುಕೊಂಡರೆ, ತೋಳು ಹಿಡಿದು ತಾಯಿತವನ್ನು ಬೆರಳಿನಲ್ಲಿ ಹೊರಳಿಸಿ, ಕಿರುಬೆರಳಿಗೆ ಹೋಲಿಸಿ ನೋಡಿ, ಉಂಡು ಎದ್ದರು. ಮರುದಿನ ಸವಣೂರಿಗೆ ಹೋದರು.

ಸಂಜೆ ಬಂದಾಗ ಕೈಯಲ್ಲಿ ಸವಣೂರ ವೀಳ್ಯದ ಎಲೆಯ ಕಟ್ಟು. ಎಂದೂ ನನಗಾಗಿ ಎಲೆ ತಂದವರಲ್ಲ. ನನಗೆ ಅಲ್ಲೇ ವಾಸನೆ ಬಡಿಯಿತು. ಅವರು ಕೈಕಾಲು ತೊಳೆಯಲು ಹೋದಾಗ ಗೂಟಕ್ಕೆ ಹಾಕಿದ ಕೋಟಿನ ಕಿಸೆ ಮುಟ್ಟಿ ನೋಡಿದೆ. ಒಳಗೆ ಒಂದು ಹಿಡಿ ತಾಯಿತ. ಎಲ್ಲ ಸಣ್ಣವು, ಹೊಸವು, ಎಲ್ಲವೂ ಖಾಲಿ.

ಮದುವೆಯಾಗಿ ಎರಡನೆಯ ವರ್ಷ, ಮಡಿಲು ತುಂಬಿರಲಿಲ್ಲ. ಇನ್ನೊಬ್ಬಳನ್ನು ನೋಡಿದ್ದಾರೆಯೇ? ಅವಳಿಗೆ ಕಟ್ಟಲು ಒಂದು, ನನ್ನ ಬಾಯಿ ಕಟ್ಟಲು ಒಂದು? ಇದೆಲ್ಲ ಅತ್ತೆಯ ಕೆಲಸವೇ ಎಂದು ತೀರ್ಮಾನಿಸಿ ಅಡಿಗೆಮನೆಗೆ ಬಂದರೆ, ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಅವರೂ ಆ ಕಿಸೆ ಮುಟ್ಟಿ ನೋಡಿದ್ದರು ಎಂದು ಆಮೇಲೆ ತಿಳಿಯಿತು. ಮಗನನ್ನು ತಮ್ಮಿಂದ ಬೇರೆ ಮಾಡಲು ಸೊಸೆಯೇ ಅವನ ಕೈಲಿ ತಾಯಿತ ತರಿಸಿದ್ದಾಳೆ ಎಂದು ಅವರ ಲೆಕ್ಕ. ಆ ರಾತ್ರಿ ನಾನು ಮಾಡಿದ ಪಲ್ಯವನ್ನು ಅವರು ಮುಟ್ಟಲಿಲ್ಲ, ಅವರು ಕಡೆದ ಮಜ್ಜಿಗೆಯನ್ನು ನಾನು ಮುಟ್ಟಲಿಲ್ಲ. ನಡುವೆ ಕೂತ ನಮ್ಮವರು ಎರಡನ್ನೂ ಹೊಟ್ಟೆ ತುಂಬ ಉಂಡರು.

ಮರುದಿನ ಕಲಾಯಿ ಹುಸೇನಸಾಬ ತನ್ನ ತಿದಿ ಹೊತ್ತು ಬಂದ. ನಮ್ಮವರು ತಾಯಿತಗಳನ್ನು ಅವನ ಮುಂದೆ ಸುರಿದರು.

"ಏನ್ ಶಿವಪ್ಪಣ್ಣ, ಪೆಟಿಗಿಗೆ ದೆವ್ವ ಬಡದೈತೇನ?" ಎಂದ ಅವನು.

"ಬಾಲ ಇಲ್ಲೋ ಅದಕ್ಕ. ಒಂದೊಂದು ತಾಯಿತದ ಕುಂಡಿಗೆ ಒಂದೊಂದು ತಂತಿ ಹಚ್ಚಿ ಕೊಡು. ಬಾಯಿ ಹಂಗ ತಗದಿರಲಿ."

ಹುಸೇನಸಾಬ ನವಸಾಗರ ಸವರಿ, ತವರ ಕರಗಿಸಿ, ಐದು ತಾಯಿತಕ್ಕೆ ಐದು ತಂತಿ ಹತ್ತಿಸಿದ. ಮೇಲೆ ಸೈಕಲ್ಲಿನ ಹಳೆಯ ಟ್ಯೂಬಿನ ರಬ್ಬರು ಸುತ್ತಿದರು, ಒಂದಕ್ಕೊಂದು ತಾಗದ ಹಾಗೆ. ಮುಳ್ಳಿನ ಮೇಲೆ ತಾಯಿತ ಒತ್ತಿದರೆ ಬೆರಳಿಗೆ ಉಂಗುರ ಹಾಕಿದಂತೆ ಕೂತಿತು. ಆ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ನಿಂತ ನನಗೆ, ಇದಕ್ಕೇ ಆಗಿತ್ತೇ ಸವಣೂರಿನ ಸವಾರಿ ಎಂದು ನಗು ಬಂತು.

ಸಂಜೆ ಪೆಟ್ಟಿಗೆ ಹಾಡಿತು. ಕಿವಿಯ ಬಟ್ಟಲುಗಳನ್ನು ಒಂದು ಹಿತ್ತಾಳೆ ತಂಬಿಗೆಯಲ್ಲಿ ಇಟ್ಟದ್ದರಿಂದ ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳಿಸಿತು. ನಾನು ಹಿಗ್ಗಿ ಹೋದೆ. ಆದರೆ ಊರಿನ ಕಣ್ಣು ಬೇರೆಯೇ ಇತ್ತು. ಸವಣೂರಿನ ಅಂಗಡಿಯವನು "ಇಷ್ಟು ತಾಯಿತ ಯಾರಿಗೆ?" ಎಂದು ಕೇಳಿದ್ದಕ್ಕೆ ಇವರು "ಒಂದು ಮಶೀನಿಗೆ" ಎಂದು ಹೇಳಿ ಬಂದಿದ್ದರು. ಆ ಮಾತು ಇವರಿಗಿಂತ ಮೊದಲೇ ಶಿಗ್ಗಾವಿ ಮುಟ್ಟಿತ್ತು. ತಾಯಿತ ಕಟ್ಟಿದರೆ ಮಾತಾಡುವ ಪೆಟ್ಟಿಗೆ ಎಂದರೆ ಒಳಗೆ ಏನೋ ಇದೆ ಎಂದು ಕೆಲವರು ಬೇರೆ ಓಣಿಯಿಂದ ಸುತ್ತಿ ಹೋಗತೊಡಗಿದರು. ದಂಡಿನವರ ಪೆಟ್ಟಿಗೆ ಇವರಿಗೆ ಯಾಕೆ ಎಂದು ಇನ್ನು ಕೆಲವರು ಪಿಸುಗುಟ್ಟಿದರು.

ಎರಡನೆಯದು ನನಗೆ ಹೆದರಿಕೆ ತಂದಿತು. ನಲವತ್ತೆರಡರ ಗದ್ದಲದಲ್ಲಿ ಬಂಕಾಪುರದ ಹತ್ತಿರ ಯಾರೋ ತಾರಿನ ತಂತಿ ಕತ್ತರಿಸಿದ್ದರು. ತಂತಿಯ ಕೆಲಸ ಬಲ್ಲವನು ಎಂಬ ಒಂದೇ ಸಂಶಯಕ್ಕೆ ನಮ್ಮವರನ್ನು ಹಿಡಿದೊಯ್ದು ತಿಂಗಳುಗಟ್ಟಲೆ ಒಳಗಿಟ್ಟಿದ್ದರು. ನಮ್ಮ ಮದುವೆಗೂ ಮುಂಚಿನ ಮಾತು. ಅಲ್ಲಿಂದ ಬಂದಾಗ ಅವರ ಎದೆಯಲ್ಲಿ ಕೂತ ಕೆಮ್ಮು ಮತ್ತೆ ಬಿಟ್ಟು ಹೋಗಲೇ ಇಲ್ಲ. ಮಳೆಗಾಲದಲ್ಲಿ ಆ ಕೆಮ್ಮು ಕೇಳಿದರೆ ಅತ್ತೆ ಕೈಯ ಕೆಲಸ ಬಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದರು. ಇನ್ನೊಂದು ಸಲ ಒಳಗೆ ಹೋದರೆ ಮಗ ತಿರುಗಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಶ್ರಾವಣದ ಜಿಟಿಜಿಟಿ ಹಿಡಿಯಿತು. ಗೋಡೆ ಬೆವರಿತು, ಉಪ್ಪು ನೀರಾಯಿತು. ರೇಡಿಯೋದ ದನಿ ದಿನದಿನಕ್ಕೆ ಸಣ್ಣದಾಗುತ್ತ ಬಂದು ಒಂದು ದಿನ ನಿಂತೇಹೋಯಿತು. ಬಿಚ್ಚಿ ನೋಡಿದರೆ ತಾಯಿತಗಳಿಗೆಲ್ಲ ಹಸಿರು ಕಿಲುಬು. ಬೋಗುಣಿಯಾದರೆ ಕಲಾಯಿ ಆದ ಮೇಲೆ ಬೂದಿ ಹಾಕಿ ತಿಕ್ಕಿ ತೊಳೆಯುತ್ತೇವೆ, ನವಸಾಗರ ಹೋಗುತ್ತದೆ. ತಂತಿಯ ಬೆಸುಗೆಯನ್ನು ತೊಳೆಯಬೇಕೆಂದು ಹುಸೇನಸಾಬನಿಗೂ ಹೊಳೆಯಲಿಲ್ಲ, ನಮ್ಮವರಿಗೂ ಹೊಳೆಯಲಿಲ್ಲ. ಉಳಿದ ನವಸಾಗರ ಮಳೆಯ ಹಸಿಗೆ ತಾಮ್ರವನ್ನು ತಿಂದುಹಾಕಿತ್ತು. ಬಿಸಿಲು ಬಿದ್ದ ಮೇಲೆ ಸರಿ ಮಾಡಿದರಾಯಿತು ಎಂದು ಅವರು ಬಿಟ್ಟರು.

ಬಿಸಿಲು ಬರಲಿಲ್ಲ, ಫೌಜದಾರರು ಬಂದರು. ಸಂಜೆಯ ಹೊತ್ತು, ಹಿಂದೆ ಇಬ್ಬರು ಪೊಲೀಸರು. ಯಾರೋ ಅರ್ಜಿ ಕೊಟ್ಟಿದ್ದರು. ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ಗೊತ್ತಿಲ್ಲದಿದ್ದರೂ ಎದುರು ಮನೆಯವರ ಜೊತೆ ನಾನು ಮತ್ತೆ ಬಾಯಿ ತುಂಬ ಮಾತಾಡಲಿಲ್ಲ.

ಫೌಜದಾರರು ಛತ್ರಿ ಮಡಚಿ ಕಟ್ಟೆಯ ಮೇಲೆ ಕೂತರು. "ಏನೋ ಶಿವಪ್ಪ, ದಂಡಿನ ಪೆಟಿಗಿ ತಂದೀಯಂತ?"

"ಹೌದ್ರಿ ಸಾಹೇಬ್ರ. ಹಾಡ ಕೇಳಾಕ ತಂದೇನ್ರಿ."

"ಹಾಡ ಕೇಳಾಕೋ, ಸುದ್ದಿ ಕಳಸಾಕೋ?"

"ಕಳಸೂವಂಥ ಸುದ್ದಿ ನಮ್ಮ ಹಂತ್ಯಾಕ ಏನೈತ್ರಿ?"

"ಹಿಂದಕ ತಂತಿ ಕಡದಾಗೂ ನೀ ಹಿಂಗ ಅಂದಿದ್ದಿ." ಅವರು ಪೆಟ್ಟಿಗೆಯನ್ನು ಕೋಲಿನಿಂದ ಒಮ್ಮೆ ತಟ್ಟಿದರು. "ನೋಡು, ಕೇಳೂ ಪೆಟಿಗಿ ಆದ್ರ ಹಾಡತೈತಿ. ದೀಪ ಹಚ್ಚೂದ್ರೊಳಗ ನನ್ನ ಮುಂದ ಹಾಡಸು, ನಾ ನನ್ನ ದಾರಿ ಹಿಡಿತೇನಿ. ಹಾಡಲಿಲ್ಲಂದ್ರ ಇದು ಕಳಸೂ ಪೆಟಿಗಿ. ಪೆಟಿಗಿನೂ ನೀನೂ ನನ್ನ ಕೂಡ ನಡೀರಿ."

ನಮ್ಮವರು ಹುಣಸೆಹಣ್ಣು ತರಿಸಿ ತಾಯಿತಗಳನ್ನು ತಿಕ್ಕತೊಡಗಿದರು. ನಾಲ್ಕು ಬೆಳಗಿದವು. ಐದನೆಯದು ಕೈಯಲ್ಲೇ ಉದ್ದಕ್ಕೆ ಸೀಳಿ ಪುಡಿಯಾಯಿತು. "ಉಳದ ತಾಯಿತ ತಾ, ಮಾಡದಾಗ ಇಟ್ಟೇನಿ" ಎಂದರು. ಗೋಡೆಯ ಮಾಡದಲ್ಲಿ ಏನೂ ಇರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಕೆಲವು ದಿನದ ಹಿಂದೆ ಅವರು ಮುಷ್ಟಿ ಬಿಗಿಹಿಡಿದು ಬಾವಿಯ ಕಡೆ ಹೋದದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ.

"ಬಾವ್ಯಾಗ ಒಗದೇನಿ" ಎಂದರು ಅತ್ತೆ. "ಖಾಲಿ ತಾಯಿತ ಮನ್ಯಾಗ ಇಟ್ಕೋಬಾರದು. ಖಾಲಿ ಇದ್ದಲ್ಲಿ ಬ್ಯಾರೆ ಏನರ ಬಂದು ಕೂಡತೈತಿ."

"ಅವ್ವಾ..." ಎಂದರು ನಮ್ಮವರು, ಮುಂದೆ ಕೆಮ್ಮು ಬಂತು.

ಬರೀ ತಂತಿಯನ್ನು ಐದನೆಯ ಮುಳ್ಳಿಗೆ ಸುತ್ತಿ ನೋಡಿದರು. ಇನ್ನೊಂದು ತುದಿ ಬ್ಯಾಟರಿಗೆ ಸೋಕುತ್ತಲೇ ಸುತ್ತು ಜಾರಿ ಚಟ್ಟೆಂದು ಕಿಡಿ ಹಾರಿತು. ಅವರು ಕೈ ಹಿಂದೆಳೆದುಕೊಂಡರು. ಬುರುಡೆಗಳು ಪುಣ್ಯಕ್ಕೆ ಉಳಿದವು. ಪೊಲೀಸನೊಬ್ಬ ಆಗಲೇ ಎದ್ದು ನಿಂತಿದ್ದ. ಎದುರು ಮನೆಯಲ್ಲಿ ಚಿಮಣಿ ದೀಪ ಹಚ್ಚಿದರು.

ನನಗೆ ಏನಾಯಿತೋ ತಿಳಿಯದು. ತೋಳಿನ ಕರಿ ದಾರಕ್ಕೆ ಕೈ ಹಾಕಿ ಎಳೆದೆ.

"ಬ್ಯಾಡ!" ಎಂದು ಅತ್ತೆ ಕೂಗಿದರು. "ಗಿರಿಜಾ, ಅದನ್ನ ಬಿಚ್ಚಬ್ಯಾಡ!"

ನೋಡಿದಿರಾ, ನಾನು ಅಂದುಕೊಂಡದ್ದೇ ಸರಿ ಎನಿಸಿತು ಆ ಕ್ಷಣಕ್ಕೆ. ಸಿಟ್ಟಿಗೆ ಹಲ್ಲಿನಿಂದಲೇ ಅರಗು ಕಚ್ಚಿ ತೆಗೆದು, ತಾಯಿತವನ್ನು ಅಂಗೈ ಮೇಲೆ ಬೋರಲು ಹಾಕಿ ತಟ್ಟಿದೆ. ಕಪ್ಪನೆಯ ಪುಡಿ ಉದುರಿತು.

ಫೌಜದಾರರು ಥಟ್ಟನೆ ಎದ್ದು ಬಂದರು. "ಏನದು? ಬಂದೂಕಿನ ಮದ್ದೇನು? ಹೆಣ್ಮಕ್ಕಳ ತೋಳಾಗ ಮದ್ದು ಮುಚ್ಚಿ ಇಡ್ತೀರಿ?"

"ನನಗ ಗೊತ್ತಿಲ್ರಿ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. "ನಮ್ಮ ಅತ್ಯಾರ ಕಟ್ಟ್ಯಾರ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ನಾಲ್ಕು ಮಂದಿಯ ಮುಂದೆ ದನಿಯೆತ್ತಿ ಮಾತಾಡಿದವರಲ್ಲ ಅವರು. ಸೆರಗು ಮುಂದೆಳೆದುಕೊಂಡು ಗೋಡೆಗೆ ಹೇಳುವ ಹಾಗೆ ಹೇಳಿದರು. "ಮದ್ದಲ್ಲರಿ, ಮಣ್ಣು. ಮಾಸೂರ ಕೆರಿ ಮಣ್ಣು."

"ಕೆರಿ ಮಣ್ಣ ತಾಯಿತದಾಗ ಯಾಕ?"

"ಈಕಿ ಬಂದ ಹೊಸದಾಗ ತವರು ತವರು ಅಂತ ಹಾಸಿಗಿ ಹಿಡದಿದ್ಲರಿ. ಉಣ್ಣಲಿಲ್ಲ, ನಿದ್ದಿ ಮಾಡಲಿಲ್ಲ. ಸಾಯತಾಳೇನೋ ಅಂತ ನನಗ ಜೀವ ಹಾರಿತ್ತು. ತವರಿನ ಮಣ್ಣು ಮೈಮ್ಯಾಗ ಇದ್ರ ಊರು ಹಿಡಸ್ತೈತಿ ಅಂತ ನಮ್ಮವ್ವ ಹೇಳತಿದ್ಲು. ರಟ್ಟೀಹಳ್ಳಿಗೆ ಅಂತ ಸುಳ್ಳ ಹೇಳಿ ಮಾಸೂರಿಗೆ ಹೋಗಿ, ಕೆರ್ಯಾಗ ಇಳದು ನಾನ ತಂದೇನ್ರಿ. ಬೀಗರಿಗೂ ಹೇಳಲಿಲ್ಲ. ಮಗಳಿಗೆ ಇಷ್ಟು ಜಡ್ಡಾಗೇದಂತ ಗೊತ್ತಾದ್ರ ಅವರೂ ಹೆದರತಾರಂತ."

ಫೌಜದಾರರು ನನ್ನ ಅಂಗೈಯಿಂದ ಒಂದು ಚಿಟಿಕೆ ತೆಗೆದು ಮೂಸಿದರು. ನಾನೂ ಅಂಗೈಯನ್ನು ಮೂಗಿಗೆ ಹಿಡಿದೆ. ವರ್ಷಕ್ಕೂ ಮೇಲೆ ಅರಗಿನೊಳಗೆ ಮುಚ್ಚಿಟ್ಟಿದ್ದರೂ ಅದೇ ವಾಸನೆ. ನೀರಿಳಿದ ಮೇಲೆ ಏರಿಯ ಕೆಳಗೆ ನಾವು ಹುಡುಗಿಯರು ಕಾಲು ಹುಗಿದುಕೊಂಡು ನಿಲ್ಲುತ್ತಿದ್ದ ಕೆಸರಿನ ವಾಸನೆ. ನಾನು ಅಲ್ಲೇ, ಪೊಲೀಸರ ಮುಂದೆ, ಗೊಳೋ ಎಂದು ಅತ್ತುಬಿಟ್ಟೆ.

ನಮ್ಮವರು ತಾಯಿತ ತೆಗೆದುಕೊಂಡರು. ತಂತಿಯ ತುದಿಯನ್ನು ಒಳಗಿಟ್ಟು, ಐದನೆಯ ಮುಳ್ಳಿನ ಮೇಲೆ ಒತ್ತಿ ಕೂರಿಸಿ, ಇಕ್ಕಳದಿಂದ ಅದುಮಿದರು. ಬ್ಯಾಟರಿಗೆ ಕೊಟ್ಟರು. ತಿರುಗಣಿ ತಿರುಗಿಸಿದರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು, ಆಮೇಲೆ ತಂಬಿಗೆಯೊಳಗಿಂದ ಒಬ್ಬ ಹೆಣ್ಣುಮಗಳ ದನಿ. ಮರಾಠಿ ಅಭಂಗ. ಅತ್ತೆ ಎರಡೂ ಕೈ ಜೋಡಿಸಿದರು, ದೇವರಿಗೋ ಪೆಟ್ಟಿಗೆಗೋ ನನಗೆ ತಿಳಿಯಲಿಲ್ಲ.

ಫೌಜದಾರರು ಹಾಡು ಮುಗಿಯುವವರೆಗೂ ಕೂತರು. ನಮ್ಮ ಮೇಲಿನ ಸಂಶಯ ಅವರಿಗೆ ಪೂರಾ ಹೋಗಿರಲಿಲ್ಲ. ಏಳುವಾಗ ಪೆಟ್ಟಿಗೆಯ ಹಿಂದೆ ಬಗ್ಗಿ ತಾಯಿತಗಳನ್ನು ನೋಡಿ, "ಟಪ್ಪಾಲ ಆಫೀಸಿಗೆ ಹೋಗಿ ಲೈಸನ್ಸ್ ಮಾಡಸು. ತಾಯಿತಕ್ಕಲ್ಲ, ಪೆಟಿಗಿಗೆ" ಎಂದು ಛತ್ರಿ ಬಿಚ್ಚಿದರು.

ಅವರು ಹೋದ ಮೇಲೆ ನಮ್ಮವರು ತಂಬಿಗೆಗೆ ಕಿವಿ ಹಚ್ಚಿ ಕೂತರು. ಅತ್ತೆ ನನ್ನ ಹತ್ತಿರ ಬಂದು, ಅಂಗೈಯಲ್ಲಿ ಉಳಿದ ಮಣ್ಣನ್ನು ಬೆರಳಿನಿಂದ ಒಟ್ಟುಗೂಡಿಸಿ, ನನ್ನ ಸೆರಗಿನ ತುದಿಗೆ ಕಟ್ಟಿ ಗಂಟು ಹಾಕಿದರು. ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದರು. ಆಮೇಲೆ ತಲೆಯೆತ್ತದೆ ಕೇಳಿದರು:

"ಅಲ್ಲಾ, ಇಷ್ಟು ದಿನ ಅದರಾಗ ಏನೈತಿ ಅಂದ್ಕೊಂಡಿದ್ದಿ ನೀ?"

"ವಿಭೂತಿ ಇರಬೇಕು ಅಂದ್ಕೊಂಡಿದ್ದೆ, ಅತ್ಯಾರ" ಎಂದೆ.

ಅವರು ತಲೆಯೆತ್ತಿ ನನ್ನ ಮುಖವನ್ನು ನೋಡಿದರು. ನಂಬಲಿಲ್ಲ. ದೀಪ ಹಚ್ಚಲು ಒಳಗೆ ಹೋದರು.